ರೇಡಾರ್ ಕಂಡದ್ದು ಎಲ್ಲರ ಕೈಗೆ ತಲುಪುವ ಬಗೆ

1990ರ ದಶಕದಲ್ಲಿ ಅಮೆರಿಕದ ಹವಾಮಾನ ರೇಡಾರ್‌ಗಳು ಕಂಡದ್ದರ ಪೂರ್ಣ ವಿವರ ಅಂಚೆಯಲ್ಲಿ ಪ್ರಯಾಣ ಮಾಡುತ್ತಿತ್ತು. ರೇಡಾರ್ ನಿಲ್ದಾಣದಲ್ಲಿ ಎಂಟು ಮಿಲಿಮೀಟರ್ ಟೇಪಿನ ಒಂದು ರೆಕಾರ್ಡರ್ ಇರುತ್ತಿತ್ತು. ಟೇಪು ತುಂಬಿದ ಮೇಲೆ ಸಿಬ್ಬಂದಿ ಅದನ್ನು ತೆಗೆದು, ಹೊಸದನ್ನು ಹಾಕಿ, ತುಂಬಿದ್ದನ್ನು ಉತ್ತರ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿದ್ದ ರಾಷ್ಟ್ರೀಯ ಹವಾಗುಣ ದತ್ತಾಂಶ ಕೇಂದ್ರಕ್ಕೆ ಕಳಿಸಬೇಕಿತ್ತು. ರೆಕಾರ್ಡರ್ ಕೆಟ್ಟರೆ, ಟೇಪು ಬದಲಿಸುವುದು ತಡವಾದರೆ, ಆ ಹೊತ್ತಿನ ಬಿರುಗಾಳಿಯ ದಾಖಲೆ ಹೋದಂತೆಯೇ. ಉಳಿದುಕೊಂಡರೂ ಅದು ಸಂಶೋಧಕರ ಮೇಜಿಗೆ ಬರುವಷ್ಟರಲ್ಲಿ ಆ ಮಳೆ ಸುರಿದು, ಹರಿದು, ಮರೆತೂ ಹೋಗಿರುತ್ತಿತ್ತು. ಅದೇ ರೇಡಾರ್‌ನ ಬಣ್ಣದ ಚಿತ್ರ ಮಾತ್ರ ಅದೇ ಸಂಜೆ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಚಿತ್ರ ಸಿಕ್ಕಿತಲ್ಲ, ಇನ್ನೇನು ಬೇಕು ಎಂದು ಕೇಳಬಹುದು. ಈ ಲೇಖನ ಬರೆಯುವುದಕ್ಕೆ ಆ ಪ್ರಶ್ನೆಯೇ ಕಾರಣ. ರೇಡಾರ್ ಚಿತ್ರವೇ ಬೇರೆ, ರೇಡಾರ್ ದತ್ತಾಂಶವೇ ಬೇರೆ. ಚಿತ್ರವನ್ನು ನೋಡಬಹುದು, ಅಷ್ಟೇ. ದತ್ತಾಂಶ ಕೈಯಲ್ಲಿದ್ದರೆ ಲೆಕ್ಕ ಹಾಕಬಹುದು, ಪರೀಕ್ಷಿಸಬಹುದು, ಇಲಾಖೆಗೆ ಹೊಳೆಯದೇ ಇದ್ದದ್ದನ್ನೂ ಅದರಲ್ಲಿ ಹುಡುಕಬಹುದು. ಅದೂ ಆಯಾ ನಿಮಿಷದಲ್ಲೇ ಸಿಕ್ಕಿದರೆ ಮಾತ್ರ ಮುನ್ಸೂಚನೆಗೆ ಬರುತ್ತದೆ. ಅಮೆರಿಕ ಟೇಪಿನಿಂದ ಹೊರಟು ಇವತ್ತಿನ ಮುಕ್ತ ವ್ಯವಸ್ಥೆಗೆ ಬಂದ ದಾರಿಯನ್ನು ನೋಡಿದರೆ, ಇಂಥ ಹಂಚಿಕೆಗೆ ಏನೇನು ಬೇಕು ಎಂಬುದು ಒಂದೊಂದಾಗಿ ಗೊತ್ತಾಗುತ್ತದೆ.

ರೇಡಾರ್ ಕೊಡುವುದೇನು

ಅಮೆರಿಕದ ಜಾಲದ ಹೆಸರು ನೆಕ್ಸ್‌ರಾಡ್. ಸುಮಾರು 160 ಡಾಪ್ಲರ್ ರೇಡಾರ್‌ಗಳು. ಹವಾಮಾನ ಸೇವೆ, ವಾಯುಪಡೆ, ನಾಗರಿಕ ವಿಮಾನಯಾನ ಆಡಳಿತ ಮೂರೂ ಸೇರಿ ನಡೆಸುವಂಥವು. 1990ರ ದಶಕದಲ್ಲಿ ಒಂದೊಂದಾಗಿ ನಿಂತವು. ಬಿಳಿ ಗೋಳದೊಳಗೆ ಸುಮಾರು ಎಂಟೂವರೆ ಮೀಟರ್ ಅಗಲದ ಡಿಶ್ ಇರುತ್ತದೆ. ಅದು ಸುಮಾರು ಹತ್ತು ಸೆಂಟಿಮೀಟರ್ ತರಂಗಾಂತರದ ರೇಡಿಯೊ ಮಿಡಿತಗಳನ್ನು ಬಿಡುತ್ತ ಸುತ್ತುತ್ತದೆ. ಮಿಡಿತ ಮಳೆಹನಿಗೆ ಬಡಿದು ಮರಳುತ್ತದೆ. ಮರಳಲು ಹಿಡಿದ ಕಾಲದಿಂದ ದೂರ ಗೊತ್ತಾಗುತ್ತದೆ, ಮರಳಿದ ಶಕ್ತಿಯಿಂದ ಹನಿಗಳ ಗಾತ್ರ ಮತ್ತು ಸಂಖ್ಯೆಯ ಅಂದಾಜು ಸಿಗುತ್ತದೆ. ತರಂಗದ ಹಂತದಲ್ಲಿ ಆದ ವ್ಯತ್ಯಾಸದಿಂದ ಆ ಹನಿಗಳು ರೇಡಾರ್ ಕಡೆಗೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ, ಎಷ್ಟು ವೇಗದಲ್ಲಿ ಎಂಬುದು ತಿಳಿಯುತ್ತದೆ.

ಡಿಶ್ ಒಂದು ಕೋನದಲ್ಲಿ ಪೂರ್ತಿ ಸುತ್ತಿ, ಸ್ವಲ್ಪ ಮೇಲೆತ್ತಿ ಮತ್ತೆ ಸುತ್ತುತ್ತದೆ. ಬಿರುಗಾಳಿ ಇರುವಾಗ ಹೀಗೆ ಹದಿನಾಲ್ಕು ಕೋನಗಳವರೆಗೆ ನೋಡಿ ಮುಗಿಸಲು ಐದು ನಿಮಿಷದ ಆಸುಪಾಸು ಹಿಡಿಯುತ್ತದೆ. ಕೆಳಗಿನ ಕೋನಗಳಲ್ಲಿ ಅರ್ಧ ಡಿಗ್ರಿಗೆ ಒಂದರಂತೆ 720 ಗೆರೆಗಳು. ಪ್ರತಿ ಗೆರೆಯಲ್ಲಿ 460 ಕಿಲೋಮೀಟರ್ ದೂರದವರೆಗೆ 250 ಮೀಟರಿಗೊಂದು ಅಳತೆ. ಗುಣಿಸಿ ನೋಡಿದರೆ ಒಂದೇ ಸುತ್ತಿಗೆ, ಒಂದೇ ಬಗೆಯ ಅಳತೆಗೆ, 13 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು. ನಾವು ಮೊಬೈಲ್ ಪರದೆಯಲ್ಲಿ ನೋಡುವ ಹಸಿರು, ಹಳದಿ, ಕೆಂಪು ಈ ರಾಶಿಯ ತೀರಾ ತೆಳುವಾದ ಒಂದು ಪದರ.

ಈ ರಾಶಿಯನ್ನು ಅಲ್ಲಿನವರು ಮೂರು ಹಂತಗಳಾಗಿ ಹೇಳುತ್ತಾರೆ. ಮೊದಲನೆಯದು ಆಂಟೆನಾಕ್ಕೆ ಬಂದ ಮೂಲ ಸಂಕೇತ. ಅದು ವಿಪರೀತ ದೊಡ್ಡದು. ರೇಡಾರ್ ಎಂಜಿನಿಯರುಗಳನ್ನು ಬಿಟ್ಟರೆ ಬೇರೆಯವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎರಡನೆಯ ಹಂತವೇ ಈ ಲೇಖನದ ವಸ್ತು. ಪ್ರತಿ ಬಿಂದುವಿನ ಪ್ರತಿಫಲನ, ಗಾಳಿಯ ವೇಗ, ಆ ವೇಗದ ಹರವು, ಇವು ಸಂಖ್ಯೆಗಳಾಗಿಯೇ ಅದರಲ್ಲಿ ಸಿಗುತ್ತವೆ. 2011ರಿಂದ 2013ರ ನಡುವೆ ರೇಡಾರ್‌ಗಳನ್ನು ಅಡ್ಡಕ್ಕೂ ಉದ್ದಕ್ಕೂ ಎರಡು ಬಗೆಯ ತರಂಗ ಬಿಡುವಂತೆ ಬದಲಿಸಿದ ಮೇಲೆ ಇನ್ನೂ ಮೂರು ಅಳತೆಗಳು ಸೇರಿದವು. ಅವುಗಳಿಂದ ಹನಿ ಚಪ್ಪಟೆಯೋ ಗುಂಡೋ, ಮೇಲಿರುವುದು ಮಳೆಯೋ ಆಲಿಕಲ್ಲೋ ಹಕ್ಕಿಯೋ ಎಂದು ಬೇರ್ಪಡಿಸಲು ಬರುತ್ತದೆ. ಮೂರನೆಯ ಹಂತದಲ್ಲಿರುವುದು ಇಲಾಖೆಯ ಗಣಕಗಳು ಎರಡನೆಯದರಿಂದ ಲೆಕ್ಕ ಹಾಕಿ ತೆಗೆದ ಸಿದ್ಧ ಉತ್ಪನ್ನಗಳು: ಒಂದು ಗಂಟೆಯ ಮಳೆ, ಮೋಡದ ತುದಿಯ ಎತ್ತರ, ಸುಂಟರಗಾಳಿಯ ಗುರುತು, ಇತ್ಯಾದಿ. ಅಕ್ಕಿ ಇದ್ದರೆ ಅನ್ನವನ್ನೂ ಮಾಡಬಹುದು, ದೋಸೆಗೂ ನೆನೆಹಾಕಬಹುದು. ಅನ್ನದಿಂದ ಅಕ್ಕಿ ತೆಗೆಯಲಾಗದು. ಎರಡನೆಯ ಹಂತಕ್ಕೂ ಮೂರನೆಯದಕ್ಕೂ ಇರುವ ಸಂಬಂಧ ಅಂಥದ್ದು.

ಇದರ ಪರಿಣಾಮ ಎಷ್ಟು ಎಂಬುದಕ್ಕೆ ಮಳೆಯ ಅಂದಾಜನ್ನೇ ತೆಗೆದುಕೊಳ್ಳಿ. ಹನಿಯ ವ್ಯಾಸ ಎರಡು ಪಟ್ಟಾದರೆ ಅದರಿಂದ ಮರಳುವ ಶಕ್ತಿ ಎರಡು ಪಟ್ಟಾಗುವುದಿಲ್ಲ, 64 ಪಟ್ಟಾಗುತ್ತದೆ. ಹಾಗಾಗಿ ಕೆಲವೇ ದಪ್ಪ ಹನಿಗಳಿರುವ ಮೋಡವೂ, ಎಣಿಕೆಯಿಲ್ಲದ ಸಣ್ಣ ಹನಿಗಳಿರುವ ಮೋಡವೂ ರೇಡಾರ್‌ಗೆ ಒಂದೇ ಥರ ಕಾಣಬಹುದು. ನೆಲಕ್ಕೆ ಬೀಳುವ ನೀರು ಮಾತ್ರ ಒಂದೇ ಆಗಿರುವುದಿಲ್ಲ. ಪ್ರತಿಫಲನದಿಂದ ಮಳೆ ತೆಗೆಯುವ ಸೂತ್ರಗಳು ಹಲವಾರಿವೆ. ಪ್ರತಿಫಲನ 40 ಡೆಸಿಬೆಲ್ ಇದೆ ಎನ್ನೋಣ. ನೆಕ್ಸ್‌ರಾಡ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸೂತ್ರದ ಪ್ರಕಾರ ಅದು ಗಂಟೆಗೆ ಸುಮಾರು 12 ಮಿಲಿಮೀಟರ್ ಮಳೆ. ಉಷ್ಣವಲಯದ ಮೋಡಗಳಿಗೆಂದು ಮಾಡಿದ ಸೂತ್ರದ ಪ್ರಕಾರ ಸುಮಾರು 22. ಚಿತ್ರದಲ್ಲಿ ಎರಡಕ್ಕೂ ಅದೇ ಬಣ್ಣ. ನಮ್ಮ ಊರಿನ ಮಳೆಗೆ ಯಾವ ಸೂತ್ರ ಹೊಂದುತ್ತದೆ ಎಂದು ನೋಡಬೇಕಾದರೆ ಕೈಯಲ್ಲಿ ಮೂಲ ಸಂಖ್ಯೆಯೇ ಇರಬೇಕು.

ಟೇಪಿನಿಂದ ತಂತಿಗೆ

ನೆಕ್ಸ್‌ರಾಡ್ ಶುರುವಾದಾಗ ಹೊರಗಿನವರಿಗೆ ಕೊಡಲು ಮಾಡಿದ್ದ ಏರ್ಪಾಡು ಆ ಕಾಲಕ್ಕೆ ತಕ್ಕಂತಿತ್ತು. ಬೆರಳೆಣಿಕೆಯ ಖಾಸಗಿ ಕಂಪನಿಗಳ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡಿತು. ಕಂಪನಿಗಳು ತಮ್ಮ ಖರ್ಚಿನಲ್ಲಿ ಎಲ್ಲ ರೇಡಾರ್‌ಗಳಿಗೂ ಲೈನು ಎಳೆಸಿಕೊಂಡು, ಮೂರನೆಯ ಹಂತದ ಉತ್ಪನ್ನಗಳನ್ನು ಪಡೆದು, ಟಿವಿ ವಾಹಿನಿಗಳಿಗೆ, ವಿಮಾನ ಕಂಪನಿಗಳಿಗೆ, ವಿಶ್ವವಿದ್ಯಾಲಯಗಳಿಗೆ ಮಾರುತ್ತಿದ್ದವು. ಕೊಂಡವರು ಅದನ್ನು ಇನ್ನೊಬ್ಬರಿಗೆ ಕೊಡುವ ಹಾಗಿರಲಿಲ್ಲ. ಸರ್ಕಾರದ ಹತ್ತಿರ ದೇಶಕ್ಕೆಲ್ಲ ಹಂಚುವ ಜಾಲ ಇಲ್ಲದ ದಿನಗಳಲ್ಲಿ ಇದು ಒಂದು ದಾರಿ ಮಾಡಿಕೊಟ್ಟಿತು ಎಂಬುದು ನಿಜ. ಆದರೆ ಸಾರ್ವಜನಿಕ ಹಣದಲ್ಲಿ ನಿಂತ ರೇಡಾರ್‌ನ ಫಲವನ್ನು ಸಾರ್ವಜನಿಕ ವಿಶ್ವವಿದ್ಯಾಲಯವೊಂದು ದುಡ್ಡು ಕೊಟ್ಟು, ಷರತ್ತಿಗೆ ಸಹಿ ಹಾಕಿ ಪಡೆಯಬೇಕಾಗಿತ್ತು. ಆ ಒಪ್ಪಂದ 2000ದ ಕೊನೆಗೆ ಮುಗಿಯಿತು. 2001ರಿಂದ ಹವಾಮಾನ ಸೇವೆಯೇ ಎಲ್ಲ ರೇಡಾರ್‌ಗಳ ಸಿದ್ಧ ಉತ್ಪನ್ನಗಳನ್ನು ಒಂದು ಕಡೆ ಕೂಡಿಸಿ ಎಲ್ಲರಿಗೂ ತೆರೆಯಿತು.

ಎರಡನೆಯ ಹಂತದ ಕಥೆ ಬೇರೆ. ಅದಕ್ಕಾಗಿ ಮೊದಲು ಹಟ ಹಿಡಿದವರು ವಿಶ್ವವಿದ್ಯಾಲಯದವರು. ಒಕ್ಲಹೋಮ ವಿಶ್ವವಿದ್ಯಾಲಯದ ಬಿರುಗಾಳಿ ವಿಶ್ಲೇಷಣೆ ಮತ್ತು ಮುನ್ಸೂಚನೆ ಕೇಂದ್ರಕ್ಕೆ ಒಂದು ದೊಡ್ಡ ಗುರಿಯಿತ್ತು: ಒಂದೊಂದು ಗುಡುಗು ಮೋಡದ ನಡೆಯನ್ನೂ ಗಣಕ ಮಾದರಿಯಿಂದ ಮೊದಲೇ ಹೇಳುವುದು. ಮಾದರಿಗೆ ಮೋಡದೊಳಗಿನ ಗಾಳಿಯ ಮತ್ತು ಹನಿಗಳ ಈ ಕ್ಷಣದ ಸ್ಥಿತಿ ಬೇಕು. ಅದು ಇದ್ದದ್ದು ಎರಡನೆಯ ಹಂತದ ದತ್ತಾಂಶದಲ್ಲಿ, ಅಂದರೆ ಅಂಚೆಗೆ ಹೋಗುವ ಟೇಪಿನಲ್ಲಿ.

1998ರಲ್ಲಿ ಆ ಕೇಂದ್ರ, ವಿಶ್ವವಿದ್ಯಾಲಯಗಳ ವಾತಾವರಣ ಸಂಶೋಧನಾ ಒಕ್ಕೂಟ, ವಾಷಿಂಗ್ಟನ್ ವಿಶ್ವವಿದ್ಯಾಲಯ, ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯ ಮತ್ತು ರೇಡಾರ್‌ಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಕೈಜೋಡಿಸಿ ‘ಕ್ರಾಫ್ಟ್’ ಎಂಬ ಯೋಜನೆ ಹೂಡಿದವು. ಮುಂದಾಳು ಕೆಲ್ವಿನ್ ಡ್ರೋಗೆಮೈಯರ್. ಮುಂದೆ 2019ರಲ್ಲಿ ಅಮೆರಿಕ ಅಧ್ಯಕ್ಷರ ಕಚೇರಿಯ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ ವಿಭಾಗದ ಮುಖ್ಯಸ್ಥರಾದವರು. ಯೋಜನೆಯಲ್ಲಿ ದುಡಿದವರ ಪಟ್ಟಿಯಲ್ಲಿ ಒಕ್ಲಹೋಮದ ಗಣಕ ವಿಜ್ಞಾನಿ ಎಸ್. ಲಕ್ಷ್ಮೀವರಾಹನ್ ಅವರ ಹೆಸರೂ ಇದೆ. ಅವರು ಡಾಕ್ಟರೇಟ್ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಒಕ್ಲಹೋಮ ಸುತ್ತಮುತ್ತಲಿನ ಆರು ರೇಡಾರ್‌ಗಳಿಂದ ಕೆಲಸ ಆರಂಭವಾಯಿತು. ಇಂಟರ್ನೆಟ್‌ನಲ್ಲಿ ಇಷ್ಟು ದತ್ತಾಂಶ ಬಿಡುವಿಲ್ಲದೆ, ನಂಬುವಷ್ಟು ಗಟ್ಟಿಯಾಗಿ ಹರಿಯಬಲ್ಲದೇ ಎಂಬ ಅನುಮಾನ ಆಗ ಇತ್ತು. ಮಾಡಿ ತೋರಿಸುವುದೇ ಯೋಜನೆಯ ಉದ್ದೇಶ.

ಅವರು ಮಾಡಿದ್ದರಲ್ಲಿ ಗಮನಿಸಬೇಕಾದ ಮೊದಲ ಅಂಶ ಅಡಕ. ರೇಡಾರ್ ಪಕ್ಕದಲ್ಲೇ ಒಂದು ಸಾಮಾನ್ಯ ಪಿಸಿ ಇಟ್ಟು, ಬಿಜಿಪ್2 ಎಂಬ ಉಚಿತ ತಂತ್ರಾಂಶದಿಂದ ದತ್ತಾಂಶವನ್ನು ಕುಗ್ಗಿಸಿದರು. ಆಕಾಶದ ಬಹುಭಾಗ ಸಾಮಾನ್ಯವಾಗಿ ಖಾಲಿ ಇರುವುದರಿಂದ ರೇಡಾರ್ ಸಂಖ್ಯೆಗಳು ಚೆನ್ನಾಗಿ ಕುಗ್ಗುತ್ತವೆ, ಬಿಚ್ಚಿದಾಗ ಒಂದು ಅಂಕಿಯೂ ಕಳೆದಿರುವುದಿಲ್ಲ. ಫೋಟೊ ಕುಗ್ಗಿಸುವ ಹಾಗೆ ಇದನ್ನು ಕುಗ್ಗಿಸಬಾರದು. ಅಲ್ಲಿ ಕಣ್ಣಿಗೆ ಕಾಣದ ವಿವರವನ್ನು ಬಿಟ್ಟುಬಿಡುತ್ತಾರೆ, ಇಲ್ಲಿ ಬೇಕಾಗಿರುವುದೇ ಆ ವಿವರ.

ಎರಡನೆಯದು ಸಾಗಣೆ. ಇದಕ್ಕೆ ಅವರು ಹೊಸದೇನನ್ನೂ ಕಟ್ಟಲಿಲ್ಲ. ಕೊಲರಾಡೊದ ಬೋಲ್ಡರ್‌ನಲ್ಲಿರುವ ಯುನಿಡಾಟ ಎಂಬ ಸಂಸ್ಥೆ ವಿಶ್ವವಿದ್ಯಾಲಯಗಳಿಗೆ ಹವಾಮಾನ ಮಾಹಿತಿ ಹಂಚಲು ಬಳಸುತ್ತಿದ್ದ ಎಲ್‌ಡಿಎಂ ತಂತ್ರಾಂಶವನ್ನೇ ತೆಗೆದುಕೊಂಡರು. ಅದರ ಕೆಲಸದ ರೀತಿ ಸರಳ, ಅದರ ಹಿಂದಿನ ಯೋಚನೆ ಮಾತ್ರ ಬಹಳ ಒಳ್ಳೆಯದು. ಸಾಮಾನ್ಯ ಜಾಲತಾಣದಲ್ಲಿ ನಾವು ಮತ್ತೆ ಮತ್ತೆ ಹೋಗಿ ‘ಹೊಸದು ಬಂತಾ?’ ಎಂದು ನೋಡಬೇಕು. ಸಾವಿರ ಜನ ಹೀಗೆ ನೋಡತೊಡಗಿದರೆ ಸರ್ವರ್ ಕುಸಿಯುತ್ತದೆ, ಅದೂ ಬಿರುಗಾಳಿಯ ಹೊತ್ತಿಗೇ ಕುಸಿಯುತ್ತದೆ. ಎಲ್‌ಡಿಎಂನಲ್ಲಿ ನೋಡಲು ಹೋಗುವ ಪ್ರಶ್ನೆಯೇ ಇಲ್ಲ. ‘ನನಗೆ ಇಂತಿಂಥ ರೇಡಾರ್‌ಗಳದ್ದು ಬೇಕು’ ಎಂದು ಒಮ್ಮೆ ಹೇಳಿಟ್ಟರೆ, ಹೊಸದು ಬಂದ ಕೂಡಲೇ ಮೇಲಿನ ಗಣಕ ತಾನಾಗಿ ಕೆಳಗಿನದಕ್ಕೆ ತಳ್ಳುತ್ತದೆ. ಕೆಳಗಿನದು ತನ್ನ ಕೆಳಗಿನವರಿಗೆ ತಳ್ಳುತ್ತದೆ. ಮೂಲದ ಸರ್ವರ್ ನಾಲ್ಕೈದು ಜನರಿಗೆ ಕೊಟ್ಟರೆ ಸಾಕು, ಅವರಿಂದ ನೂರಾರು ಕಡೆಗೆ ಕವಲೊಡೆಯುತ್ತದೆ. ಪ್ರತಿ ತುಣುಕಿಗೂ ಅದರ ಒಳಗಿನ ಅಂಕಿಗಳಿಂದಲೇ ಹುಟ್ಟಿದ ಒಂದು ಗುರುತು ಇರುತ್ತದೆ. ಹಾಗಾಗಿ ಒಂದು ವಿಶ್ವವಿದ್ಯಾಲಯ ಏಕಕಾಲಕ್ಕೆ ಎರಡು ಕಡೆಯಿಂದ ತರಿಸಿಕೊಳ್ಳಬಹುದು. ಮೊದಲು ಬಂದದ್ದು ಉಳಿಯುತ್ತದೆ, ಅದೇ ಗುರುತಿನ ಎರಡನೆಯದನ್ನು ತಂತ್ರಾಂಶ ಬಿಟ್ಟುಬಿಡುತ್ತದೆ. ಒಂದು ದಾರಿ ಕಡಿದರೂ ಹರಿವು ನಿಲ್ಲುವುದಿಲ್ಲ.

ಮೂರನೆಯದು ತುಣುಕು ಮಾಡುವುದು. ಐದು ನಿಮಿಷದ ಪೂರ್ತಿ ವೀಕ್ಷಣೆ ಮುಗಿಯಲಿ ಎಂದು ಕಾದರೆ, ಮೊದಲ ಸುತ್ತಿನಲ್ಲಿ ಕಂಡ ಗಾಳಿ ಕಳಿಸುವ ಹೊತ್ತಿಗೆ ಐದು ನಿಮಿಷ ಹಳೆಯದು. ಸುಂಟರಗಾಳಿಯ ಮಟ್ಟಿಗೆ ಅದು ಬಹಳ ಹೆಚ್ಚಾಯಿತು. ಆದ್ದರಿಂದ ಡಿಶ್ ತಿರುಗುತ್ತಿರುವಾಗಲೇ ನೂರು ಚಿಲ್ಲರೆ ಗೆರೆಗಳಿಗೊಂದು ಕಂತೆ ಕಟ್ಟಿ ಕಳಿಸುತ್ತಾರೆ. ಪಡೆದವರು ಬೇಕಾದರೆ ಆಗಲೇ ಬಳಸಬಹುದು, ಇಲ್ಲವೇ ಎಲ್ಲ ಕಂತೆ ಕೂಡಿಸಿ ಪೂರ್ತಿ ಫೈಲು ಮಾಡಿಕೊಳ್ಳಬಹುದು. 2014ರಿಂದ ರೇಡಾರ್‌ಗಳು ವೀಕ್ಷಣೆಯ ನಡುವೆಯೇ ಒಮ್ಮೆ ಕೆಳಗಿನ ಕೋನಕ್ಕೆ ಮರಳಿ ನೆಲದ ಹತ್ತಿರದ ಗಾಳಿಯನ್ನು ಇನ್ನೊಮ್ಮೆ ನೋಡುವ ಪದ್ಧತಿಯೂ ಬಂದ ಮೇಲೆ, ಈ ಕಂತೆಗಳ ಬೆಲೆ ಇನ್ನೂ ಹೆಚ್ಚಿತು.

ಇವು ಮೂರರ ಜೊತೆಗೆ ಯಾರೂ ಹೊಗಳದ ಒಂದು ಕೆಲಸವಿದೆ: ಬರೆದಿಡುವುದು. ಯಾವ ರೇಡಾರ್, ಅದರ ಅಕ್ಷಾಂಶ ರೇಖಾಂಶ, ಆಂಟೆನಾದ ಎತ್ತರ, ಪ್ರತಿ ಗೆರೆಯ ದಿಕ್ಕು ಮತ್ತು ಏರುಕೋನ, ಅಳೆದ ಸಮಯ, ಅಳೆಯಬಲ್ಲ ಗರಿಷ್ಠ ವೇಗ, ಇದೆಲ್ಲ ದತ್ತಾಂಶದ ಜೊತೆಗೇ ಸಾಗುತ್ತದೆ. ಯಾವ ಬೈಟಿನಲ್ಲಿ ಏನಿದೆ ಎಂಬ ಕೈಪಿಡಿಯನ್ನು ಒಕ್ಲಹೋಮದ ನಾರ್ಮನ್ ಊರಿನಲ್ಲಿರುವ ರೇಡಾರ್ ಕಾರ್ಯಾಚರಣೆ ಕೇಂದ್ರ ಪ್ರಕಟಿಸುತ್ತದೆ. ಯಾರು ಬೇಕಾದರೂ ಓದಬಹುದು. 2008ರಲ್ಲಿ ಸೂಕ್ಷ್ಮತೆ ಹೆಚ್ಚಿಸಿದಾಗ ದತ್ತಾಂಶದ ವಿನ್ಯಾಸವೇ ಬದಲಾಯಿತು. ಹಾಗೆ ಬದಲಾಗುವಾಗ ಬಳಕೆದಾರರ ತಂತ್ರಾಂಶಗಳು ಒಂದೇ ದಿನ ನಿಂತುಹೋಗದಂತೆ ನೋಡಿಕೊಳ್ಳುವುದೂ ಹಂಚಿಕೆಯ ಭಾಗವೇ. ‘ಕೊಟ್ಟೆವಲ್ಲ’ ಎಂದು ಕೈತೊಳೆದುಕೊಂಡರೆ ಅದು ಹಂಚಿಕೆಯಾಗುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಸರ್ಕಾರ, ವಿಶ್ವವಿದ್ಯಾಲಯ, ಕಂಪನಿ

ಪ್ರಯೋಗ ಗೆದ್ದಿತು. 2004ರಲ್ಲಿ ಹವಾಮಾನ ಸೇವೆ ಅದನ್ನು ತನ್ನ ಅಧಿಕೃತ ವ್ಯವಸ್ಥೆಯಾಗಿ ತೆಗೆದುಕೊಂಡಿತು. ಆಶ್‌ವಿಲ್‌ನ ದಾಖಲೆ ಕೇಂದ್ರಕ್ಕೂ ಟೇಪಿನ ಬದಲು ತಂತಿಯಲ್ಲೇ ದತ್ತಾಂಶ ಬರತೊಡಗಿತು. ಹಂಚಿಕೆಯ ಹೊಣೆಯನ್ನು ಹೇಗೆ ಹಂಚಿಕೊಂಡರು ಎಂಬುದು ಇಲ್ಲಿ ಮುಖ್ಯ. ಸರ್ಕಾರ ರೇಡಾರ್‌ಗಳಿಂದ ದತ್ತಾಂಶವನ್ನು ಕೂಡಿಸಿ ಮೇಲ್ಹಂತದ ಕೆಲವೇ ಕೇಂದ್ರಗಳಿಗೆ ತಲುಪಿಸಿತು. ಒಕ್ಲಹೋಮ ವಿಶ್ವವಿದ್ಯಾಲಯ, ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ ಅವುಗಳಲ್ಲಿದ್ದವು. ಅಲ್ಲಿಂದ ಮುಂದೆ ಇತರ ವಿಶ್ವವಿದ್ಯಾಲಯಗಳಿಗೂ ಕಂಪನಿಗಳಿಗೂ ಹರಿಯಿತು. ದತ್ತಾಂಶಕ್ಕೆ ಬೆಲೆಯಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಹರಿವು ನಿಂತರೆ ಎದ್ದು ಸರಿಪಡಿಸುವವರು ಬೇಕು ಎನ್ನುವ ಕಂಪನಿ ಆ ಸೇವೆಗೆ ಹಣ ಕೊಡಬೇಕು. ವಸ್ತು ಎಲ್ಲರದು, ದುಡಿಮೆಗೆ ಮಾತ್ರ ಕೂಲಿ. ಈ ಗೆರೆ ನನಗೆ ನ್ಯಾಯವಾಗಿ ಕಾಣುತ್ತದೆ.

ಇದಕ್ಕೆ ಕಾನೂನಿನ ಬುನಾದಿಯೂ ಇತ್ತು. ಅಮೆರಿಕದ ಕೇಂದ್ರ ಸರ್ಕಾರ ತಾನೇ ಸಿದ್ಧಪಡಿಸಿದ್ದಕ್ಕೆ ಅಲ್ಲಿ ಕೃತಿಸ್ವಾಮ್ಯ ಇಲ್ಲ. ಮಾಹಿತಿ ಕೊಡುವಾಗ ಹಂಚುವ ಖರ್ಚಿಗಿಂತ ಹೆಚ್ಚು ವಸೂಲಿ ಮಾಡಬಾರದು ಎಂಬುದು ಆಡಳಿತದ ನಿಯಮ. ಆದರೂ ತಿಕ್ಕಾಟ ಇರಲಿಲ್ಲ ಎಂದಲ್ಲ. 2003ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ಸರ್ಕಾರ, ವಿಶ್ವವಿದ್ಯಾಲಯ, ಖಾಸಗಿ ವಲಯಗಳ ನಡುವಿನ ಸಂಬಂಧದ ಮೇಲೆ ಒಂದು ವರದಿಯನ್ನೇ ತರಬೇಕಾಯಿತು. 2005ರಲ್ಲಿ ಪೆನ್ಸಿಲ್ವೇನಿಯಾದ ಸೆನೆಟರ್ ರಿಕ್ ಸ್ಯಾಂಟೋರಮ್ ಒಂದು ಮಸೂದೆ ಮಂಡಿಸಿದರು. ಖಾಸಗಿಯವರು ಕೊಡುತ್ತಿರುವ, ಕೊಡಬಲ್ಲ ಸೇವೆಯನ್ನು ಹವಾಮಾನ ಸೇವೆ ಜನರಿಗೆ ನೇರವಾಗಿ ಕೊಡದಂತೆ ಕಟ್ಟಿಹಾಕುವಂಥದ್ದು ಅದು. ಸಮಿತಿಯನ್ನೂ ದಾಟದೆ ಬಿದ್ದುಹೋಯಿತು. ದತ್ತಾಂಶ ಮುಕ್ತವಾಗಿದ್ದುದರಿಂದ ಖಾಸಗಿ ವಲಯವೇನೂ ಸೊರಗಲಿಲ್ಲ. ಆಲಿಕಲ್ಲು ಬಿದ್ದ ಪಟ್ಟಿಯನ್ನು ಗುರುತಿಸಿ ವಿಮೆ ಕಂಪನಿಗೆ ಮಾರುವವರು, ರೈಲು ಮತ್ತು ವಿಮಾನಗಳಿಗೆ ಎಚ್ಚರಿಕೆ ಕೊಡುವವರು, ಎರಡನೆಯ ಹಂತದ ದತ್ತಾಂಶವನ್ನೇ ಫೋನಿನಲ್ಲಿ ತೋರಿಸುವ ತಂತ್ರಾಂಶ ಬರೆದವರು, ಹೀಗೆ ಹೊಸ ಕಸುಬುಗಳೇ ಹುಟ್ಟಿದವು. ಅಧಿಕೃತ ಎಚ್ಚರಿಕೆ ಹೊರಡಿಸುವ ಹೊಣೆ ಮಾತ್ರ ಇವತ್ತಿಗೂ ಸರ್ಕಾರದ್ದೇ.

ಮುಂದಿನ ಹೆಜ್ಜೆ 2015ರದು. ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ದೊಡ್ಡ ಕ್ಲೌಡ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ 1991ರಿಂದ ಇತ್ತೀಚಿನವರೆಗಿನ ನೆಕ್ಸ್‌ರಾಡ್ ದಾಖಲೆ ಅಮೆಜಾನ್‌ನ ಕ್ಲೌಡ್‌ನಲ್ಲಿ ಎಲ್ಲರಿಗೂ ತೆರೆಯಿತು. ಹೊಸ ದತ್ತಾಂಶ ಯುನಿಡಾಟದ ಮೂಲಕ ಆಗಿಂದಾಗ ಸೇರುತ್ತ ಹೋಯಿತು. ಮೊದಲು ಹಳೆಯ ದತ್ತಾಂಶ ಬೇಕಾದವರು ಆಶ್‌ವಿಲ್‌ಗೆ ಬೇಡಿಕೆ ಸಲ್ಲಿಸಿ, ಅಲ್ಲಿನ ಯಂತ್ರ ಉಗ್ರಾಣದಿಂದ ಅದನ್ನು ತೆಗೆಯುವವರೆಗೆ ಕಾಯಬೇಕಿತ್ತು. ಈಗ ನೇರ ಇಳಿಸಿಕೊಳ್ಳುವುದು. ಬಳಕೆ ಎರಡು ಪಟ್ಟಿಗಿಂತ ಹೆಚ್ಚಾಯಿತು, ಸರ್ಕಾರಿ ಸರ್ವರ್ ಮೇಲಿನ ಹೊರೆ ಅರ್ಧಕ್ಕೆ ಬಂತು.

ತೆರೆದಿಟ್ಟ ಮೇಲೆ ಯಾರು ಬರುತ್ತಾರೆ ಎಂದು ಮೊದಲೇ ಹೇಳಲು ಆಗುವುದಿಲ್ಲ. ಹವಾಮಾನದವರಿಗೆ ಕಸವಾಗಿದ್ದ ಹಕ್ಕಿಗಳ ಪ್ರತಿಧ್ವನಿ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯಕ್ಕೆ ಚಿನ್ನವಾಯಿತು. ಅನೇಕ ಹಕ್ಕಿಗಳು ರಾತ್ರಿ ವಲಸೆ ಹೋಗುತ್ತವೆ. ಅವರ ಬರ್ಡ್‌ಕಾಸ್ಟ್ ಯೋಜನೆ ಇದೇ ರೇಡಾರ್ ದತ್ತಾಂಶದಿಂದ ಈ ರಾತ್ರಿ ಎಲ್ಲಿ ಎಷ್ಟು ಹಕ್ಕಿ ಹಾರುತ್ತಿವೆ ಎಂದು ತೋರಿಸುತ್ತದೆ, ಎತ್ತರದ ಕಟ್ಟಡಗಳ ದೀಪ ಆರಿಸಿ ಎಂದು ನಗರಗಳಿಗೆ ಹೇಳಲು ಅದು ಆಧಾರ. 2012ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದ ಸಟರ್ಸ್ ಮಿಲ್ ಪ್ರದೇಶದ ಮೇಲೆ ಉಲ್ಕೆ ಸಿಡಿಯಿತು. ಬೀಳುತ್ತಿದ್ದ ಕಲ್ಲುಗಳು ರೇಡಾರ್ ದತ್ತಾಂಶದಲ್ಲಿ ಸಿಕ್ಕವು. ಎಲ್ಲಿ ಹುಡುಕಬೇಕು ಎಂಬುದು ಅದರಿಂದ ತಿಳಿಯಿತು. ಮಳೆ ಬಂದು ಕೆಡಿಸುವ ಮೊದಲೇ ಕೆಲವು ತುಣುಕುಗಳನ್ನು ಹೆಕ್ಕಿಕೊಂಡರು. ಹವಾಮಾನದೊಳಗೇ ನೋಡುವುದಾದರೆ, ಅಮೆರಿಕದ ಜೊತೆಗೆ ಕೆನಡಾದ ರೇಡಾರ್‌ಗಳನ್ನೂ ಸೇರಿಸಿ ಎರಡು ನಿಮಿಷಕ್ಕೊಮ್ಮೆ ಒಂದು ಕಿಲೋಮೀಟರ್ ಚೌಕದಲ್ಲಿ ಮಳೆಯನ್ನೂ ಆಲಿಕಲ್ಲನ್ನೂ ಲೆಕ್ಕ ಹಾಕುವ ವ್ಯವಸ್ಥೆ ತೀವ್ರ ಬಿರುಗಾಳಿ ಪ್ರಯೋಗಾಲಯ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಬೆಳೆದು 2014ರಲ್ಲಿ ಹವಾಮಾನ ಸೇವೆಯ ದಿನನಿತ್ಯದ ಉಪಕರಣವಾಯಿತು. ಕೊಟ್ಟವರಿಗೇ ಮರಳಿ ಬಂದ ಫಲ ಅದು. ಯುರೋಪಿನಲ್ಲೂ ಬಾಗಿಲು ತೆರೆದಿದೆ: ಜರ್ಮನಿ 2017ರಲ್ಲಿ ಕಾನೂನು ತಿದ್ದಿ ತನ್ನ ಹವಾಮಾನ ಸೇವೆಯ ದತ್ತಾಂಶವನ್ನು ಮುಕ್ತಗೊಳಿಸಿತು.

ತೆರೆದ ದತ್ತಾಂಶ ಶುದ್ಧ ದತ್ತಾಂಶ ಎಂದುಕೊಳ್ಳಬಾರದು. ಆಗಿಂದಾಗ ಬರುವುದು ಹಸಿ ಮಾಲು. ಬೆಟ್ಟ, ಕಟ್ಟಡ, ಗಾಳಿಯಂತ್ರಗಳೆಲ್ಲ ಅದರಲ್ಲಿ ಮಳೆಯಂತೆ ಕಾಣಬಹುದು. ಸೂರ್ಯ ಹುಟ್ಟುವಾಗ ಮುಳುಗುವಾಗ ಆ ದಿಕ್ಕಿಗೆ ಒಂದು ಚೂಪಾದ ಗೆರೆ ಬೀಳುತ್ತದೆ. ಮಂಜು ಕರಗಿ ನೀರಾಗುವ ಎತ್ತರದಲ್ಲಿ ಪ್ರತಿಫಲನ ಸುಳ್ಳಾಗಿ ಏರುತ್ತದೆ. ರೇಡಾರ್ ಅಳೆಯಬಲ್ಲ ಮಿತಿಗಿಂತ ಗಾಳಿ ಜೋರಾದರೆ, ದೂರ ಓಡುವ ಗಾಳಿ ಹತ್ತಿರ ಬರುತ್ತಿರುವಂತೆ ಕಾಣುತ್ತದೆ. ಇವೆಲ್ಲ ತಿಳಿಯದವರು ‘ಸುಂಟರಗಾಳಿ!’ ಎಂದು ಕೂಗಬಹುದು ಎಂಬ ಭಯ ಇಲಾಖೆಗಳಿಗೆ ಇರುವುದು ಸಹಜ. ಆದರೆ ಚಿತ್ರಗಳಲ್ಲೂ ಇದೇ ಸುಳ್ಳುಗಳು ಇರುತ್ತವೆ, ತಪ್ಪಾಗಿ ಓದುವವರು ಅವುಗಳನ್ನೂ ತಪ್ಪಾಗಿಯೇ ಓದುತ್ತಾರೆ. ಸಂಖ್ಯೆ ಕೈಯಲ್ಲಿದ್ದವರಿಗಾದರೆ ಸುಳ್ಳನ್ನು ಸೋಸುವ ದಾರಿ ಇರುತ್ತದೆ.

ನಮ್ಮ ಆಕಾಶದ ಮಾತು

ಭಾರತದ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್‌ಗಳು 2002ರಲ್ಲಿ ಚೆನ್ನೈ ಬಂದರಿನ ರೇಡಾರ್‌ನೊಂದಿಗೆ ಶುರುವಾಗಿ 2024ರ ಹೊತ್ತಿಗೆ ನಲವತ್ತರ ಆಸುಪಾಸಿಗೆ ಬಂದಿದ್ದವು. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ 2,000 ಕೋಟಿ ರೂಪಾಯಿಯ ‘ಮಿಷನ್ ಮೌಸಂ’ ಈ ಸಂಖ್ಯೆಯನ್ನು ಇನ್ನೂ ಏರಿಸುವ ಯೋಜನೆ. ಇಲಾಖೆಯ ಜಾಲತಾಣದಲ್ಲಿ ಪ್ರತಿ ರೇಡಾರ್‌ನ ಚಿತ್ರಗಳು ಯಾರಿಗೂ ಕಾಣುತ್ತವೆ. ಇಸ್ರೊದ ಮೊಸ್ಡಾಕ್ ತಾಣ ಹೆಸರು ನೋಂದಾಯಿಸಿಕೊಂಡವರಿಗೆ ಆ ಸಂಸ್ಥೆಯ ರೇಡಾರ್ ದತ್ತಾಂಶವನ್ನೂ ಕೊಡುತ್ತದೆ. ಸರ್ಕಾರಿ ದತ್ತಾಂಶ ಹಂಚಿಕೆಗೆಂದೇ ರಾಷ್ಟ್ರೀಯ ನೀತಿಯೊಂದು 2012ರಿಂದ ಇದೆ. ಆದರೂ ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿಯ ಗಣಕಕ್ಕೆ ಒಕ್ಲಹೋಮದ ಮೋಡದ ಸಂಖ್ಯೆಗಳು ಈ ಕ್ಷಣ ಬಂದು ಬೀಳುವಷ್ಟು ಸಲೀಸಾಗಿ ನಮ್ಮ ಮೋಡದ ಸಂಖ್ಯೆಗಳು ಬರುವುದಿಲ್ಲ. ಇದು ಬದಲಾಗಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ, ಕಾರಣವೂ ಕರ್ನಾಟಕದಲ್ಲೇ ಇದೆ.

ರೇಡಾರ್ ಕಿರಣ ನೇರ ಹೋಗುತ್ತದೆ, ಭೂಮಿ ಕೆಳಗೆ ಬಾಗುತ್ತದೆ. ಚೆನ್ನೈನ ರೇಡಾರ್‌ನಿಂದ ಬೆಂಗಳೂರಿನ ಮಳೆಯನ್ನು ನೋಡುವುದಾದರೆ, ನಡುವಿನ ದೂರ ಸುಮಾರು 290 ಕಿಲೋಮೀಟರ್. ಅರ್ಧ ಡಿಗ್ರಿ ಏರುಕೋನದಲ್ಲಿ ಹೊರಟ ಕಿರಣ, ಗಾಳಿಯಲ್ಲಿ ಸ್ವಲ್ಪ ಬಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಬೆಂಗಳೂರಿನ ಮೇಲೆ ಬರುವಾಗ ಸಮುದ್ರಮಟ್ಟದಿಂದ ಸುಮಾರು ಏಳೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಏಪ್ರಿಲ್, ಮೇ ತಿಂಗಳ ಎತ್ತರದ ಗುಡುಗು ಮೋಡದ ತಲೆ ಅದಕ್ಕೆ ಕಂಡೀತು. ಅದರ ಕೆಳಗೆ ರಸ್ತೆ ತುಂಬಿಸುವ ಮಳೆ ಕಾಣುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಇನ್ನೊಂದು ತೊಡಕು. ಕರಾವಳಿಯಲ್ಲಿ ನಿಂತ ರೇಡಾರ್‌ಗೆ ಘಟ್ಟವೇ ಅಡ್ಡ, ಮುಂಗಾರಿನ ಮೋಡಗಳು ಹೆಚ್ಚು ಎತ್ತರದವೂ ಅಲ್ಲ. ಆದ್ದರಿಂದ ಎಲ್ಲಿ ರೇಡಾರ್ ನಿಲ್ಲಿಸಬೇಕು, ಇರುವ ರೇಡಾರ್‌ಗಳ ದತ್ತಾಂಶವನ್ನು ಹೇಗೆ ಬೆಸೆಯಬೇಕು ಎಂಬುದು ನಮ್ಮ ವಿಶ್ವವಿದ್ಯಾಲಯಗಳೇ ಕೂತು ಬಿಡಿಸಬೇಕಾದ ಲೆಕ್ಕ.

ಇದಕ್ಕೆ ಬೇಕಾದ ಇನ್ನೊಂದು ಅರ್ಧ ನಮ್ಮಲ್ಲಿ ಆಗಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಮಾಹಿತಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅವು ಲೆಕ್ಕ ಕೊಡುತ್ತವೆ. ಇಂಥ ದಟ್ಟ ಜಾಲ ದೇಶದಲ್ಲೇ ಅಪರೂಪ. ರೇಡಾರ್ ಮೇಲಿನಿಂದ ಅಂದಾಜು ಮಾಡಿದ್ದನ್ನು ಈ ಮಾಪಕಗಳು ನೆಲದಲ್ಲಿ ಅಳೆದದ್ದರ ಪಕ್ಕ ಇಟ್ಟರೆ, ಆಗುಂಬೆಯ ಮಳೆಗೆ ಯಾವ ಸೂತ್ರ, ರಾಯಚೂರಿನ ಮಳೆಗೆ ಯಾವ ಸೂತ್ರ ಎಂಬುದನ್ನು ನಮ್ಮದೇ ಅಳತೆಯಿಂದ ಕಟ್ಟಬಹುದು. ಗಂಟೆಗೆ 12 ಮಿಲಿಮೀಟರೋ 22 ಮಿಲಿಮೀಟರೋ ಎಂಬ ವ್ಯತ್ಯಾಸ ರಾಜಕಾಲುವೆಯ ಪಕ್ಕದ ಮನೆಯವರಿಗೆ ದೊಡ್ಡದು.

ಕೂತು ನೋಡುವುದಕ್ಕೆ

ಅಲ್ಲಿಯವರೆಗೆ ಕಲಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನೆಕ್ಸ್‌ರಾಡ್ ದಾಖಲೆಗೆ ಖಾತೆ ಬೇಡ, ಹಣ ಬೇಡ. ಅಂತರ್ಜಾಲದಲ್ಲಿ ‘ನೆಕ್ಸ್‌ರಾಡ್ ಅಮೆಜಾನ್’ ಎಂದು ಹುಡುಕಿದರೆ ದಾರಿ ಸಿಗುತ್ತದೆ. ಫೈಲುಗಳನ್ನು ವರ್ಷ, ತಿಂಗಳು, ದಿನ, ರೇಡಾರ್ ಎಂಬ ಕ್ರಮದಲ್ಲಿ ಜೋಡಿಸಿದ್ದಾರೆ. ಫೈಲಿನ ಹೆಸರಿನಲ್ಲೇ ರೇಡಾರ್‌ನ ನಾಲ್ಕಕ್ಷರದ ಸಂಕೇತ, ದಿನಾಂಕ, ಸಮಯ ಇರುತ್ತವೆ. ಸಮಯ ವಿಶ್ವಸಮಯದಲ್ಲಿರುತ್ತದೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಪ್ರೋಗ್ರಾಂ ಬರೆಯಲು ಬಾರದವರು ಫೈಲು ತೆರೆಯಲು ಅಮೆರಿಕ ಸರ್ಕಾರವೇ ಕೊಡುವ ಉಚಿತ ‘ವೆದರ್ ಆ್ಯಂಡ್ ಕ್ಲೈಮೇಟ್ ಟೂಲ್‌ಕಿಟ್’ ಬಳಸಬಹುದು. ಪೈಥಾನ್ ಗೊತ್ತಿದ್ದವರಿಗೆ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿದ ಪೈ-ಆರ್ಟ್ ಇದೆ. ನಾಲ್ಕೈದು ಸಾಲು ಬರೆದರೆ ಸಂಖ್ಯೆಗಳ ಪಟ್ಟಿಯೇ ಕೈಗೆ ಬರುತ್ತದೆ.

ಮೊದಲ ಅಭ್ಯಾಸಕ್ಕೆ 2013ರ ಮೇ 20 ತೆಗೆದುಕೊಳ್ಳಿ. ಒಕ್ಲಹೋಮದ ಮೂರ್ ಪಟ್ಟಣಕ್ಕೆ ಅತ್ಯಂತ ತೀವ್ರ ದರ್ಜೆಯ ಸುಂಟರಗಾಳಿ ಅಪ್ಪಳಿಸಿ 24 ಜನ ಸತ್ತ ದಿನ. ಒಕ್ಲಹೋಮ ಸಿಟಿಯ ರೇಡಾರ್‌ನ ಸಂಕೇತ ಕೆಟಿಎಲ್‌ಎಕ್ಸ್. ವಿಶ್ವಸಮಯ 20 ಗಂಟೆಯಿಂದ 20 ಗಂಟೆ 35 ನಿಮಿಷದ ನಡುವಿನ ಫೈಲುಗಳನ್ನು ಇಳಿಸಿಕೊಳ್ಳಿ. ಅತಿ ಕೆಳಗಿನ ಕೋನವನ್ನು ತೆರೆದು, ರೇಡಾರ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹುಡುಕಿ. ಅಲ್ಲಿ ಕಿರಣ ನೆಲದಿಂದ ಸುಮಾರು 200 ಮೀಟರ್ ಎತ್ತರದಲ್ಲಷ್ಟೇ ಇದೆ, ಹಾಗಾಗಿ ಎಲ್ಲ ಸ್ಪಷ್ಟ. ಪ್ರತಿಫಲನದಲ್ಲಿ ಕೊಕ್ಕೆಯಂಥ ಆಕಾರ ಸಿಗುತ್ತದೆ. ಅದೇ ಜಾಗದ ವೇಗವನ್ನು ನೋಡಿದರೆ ಹತ್ತಿರ ಬರುವ ಗಾಳಿ, ದೂರ ಹೋಗುವ ಗಾಳಿ ಎರಡೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಈಗ ಎರಡು ತರಂಗಗಳ ಹೊಂದಾಣಿಕೆ ಹೇಳುವ ಅಳತೆಗೆ ಬನ್ನಿ. ಸುತ್ತಲಿನ ಮಳೆಯಲ್ಲಿ ಅದು ಒಂದರ ಹತ್ತಿರ ಇರುತ್ತದೆ, ಕೊಕ್ಕೆಯ ತುದಿಯಲ್ಲಿ ಮಾತ್ರ ಥಟ್ಟನೆ ಕುಸಿಯುತ್ತದೆ. ಅಲ್ಲಿರುವುದು ಮಳೆಯಲ್ಲ, ಸುಂಟರಗಾಳಿ ಮೇಲೆತ್ತಿದ ಮನೆಗಳ ಚೂರು. ನಂತರದ ಫೈಲುಗಳನ್ನು ಒಂದೊಂದಾಗಿ ತೆರೆಯುತ್ತ ಆ ಕುಸಿತದ ಜಾಗ ಪೂರ್ವಕ್ಕೆ ಸರಿಯುವುದನ್ನು ಅಳೆಯಿರಿ. ಎರಡು ಫೈಲುಗಳ ನಡುವಿನ ಸಮಯದಿಂದ ಭಾಗಿಸಿದರೆ ಸುಂಟರಗಾಳಿ ಚಲಿಸಿದ ವೇಗ ನಿಮ್ಮ ಲೆಕ್ಕದಲ್ಲೇ ಸಿಗುತ್ತದೆ.